ಜಗಳವಿಲ್ಲದ ಮಾತ್ರೆಗಳು

ಔಷಧದಂಗಡಿಗೆ ಬರುವವರೆಲ್ಲ ಅವಳನ್ನು ಜೋಡಿ ಅಕ್ಕ ಎನ್ನುತ್ತಿದ್ದರು. ಯಾರಾದರೂ ಹೊಸ ಮಾತ್ರೆ ಕೇಳಿದರೆ ಸಾಕು, ಹಳೆಯವನ್ನೂ ಚೀಲದಿಂದ ತೆಗೆಸಿ, ಎರಡೆರಡು ಸ್ಟ್ರಿಪ್ಪುಗಳನ್ನು ಗಾಜಿನ ಕೌಂಟರಿನ ಮೇಲೆ ಪಕ್ಕಪಕ್ಕ ಇಟ್ಟು ನೋಡುವಳು. "ಇವೆರಡಕ್ಕೂ ಜಗಳ ಇಲ್ಲ" ಎಂದು ಅವಳ ಬಾಯಿಂದ ಬಂದರೆ ಗಿರಾಕಿಗಳು ಕಣ್ಣುಮುಚ್ಚಿ ನುಂಗುತ್ತಿದ್ದರು.

ಅವಳ ಅತ್ತೆಯೂ ಅಷ್ಟೇ. ರಕ್ತದೊತ್ತಡಕ್ಕೊಂದು, ಕಾಲಿನ ಬಾವು ಇಳಿಯಲು ಇನ್ನೊಂದು ಮಾತ್ರೆ ಮೊದಲಿನಿಂದ ನಡೆಯುತ್ತಿದ್ದವು. ಮಂಡಿನೋವಿಗೆಂದು ಮಗಳು ಮೂರನೆಯದನ್ನು ತಂದುಕೊಟ್ಟಾಗ ಮುದುಕಿ ಮೂರನ್ನೂ ಸೊಸೆಯ ಮುಂದೆ ಸುರುವಿದಳು. ಸೊಸೆ ಹೊಸದನ್ನು ಒಂದೊಂದರ ಪಕ್ಕವೂ ಇಟ್ಟು ನೋಡಿದಳು. ಹೇಳಿಕೊಳ್ಳುವಂಥ ತಕರಾರೇನೂ ಕಾಣಲಿಲ್ಲ.

"ಜಗಳ ಇಲ್ಲ ಅತ್ತೆ, ತಗೊಳ್ಳಿ."

"ಮಾತ್ರೆಗಳೇ ವಾಸಿ ಕಣೇ. ನಮ್ಮಿಬ್ಬರದ್ದು ಯಾವಾಗ ಮುಗಿಯುತ್ತೋ."

ಇಬ್ಬರೂ ನಕ್ಕಿದ್ದರು. ಬೇಸಿಗೆ ಮುಗಿಯುವ ಮೊದಲೇ ಅತ್ತೆಯ ಮೂತ್ರಪಿಂಡ ಕೈಕೊಟ್ಟಿತು, ಆಸ್ಪತ್ರೆಗೆ ಹೋದವಳು ತಿರುಗಿ ಬರಲಿಲ್ಲ. ವಯಸ್ಸಾಗಿತ್ತು ಎಂದು ಎಲ್ಲರೂ ಸಮಾಧಾನ ಮಾಡಿಕೊಂಡರು. ನುಂಗಿ ಎಂದವಳಿಗೆ ಆ ಸಮಾಧಾನ ಎಲ್ಲಿಯದು? ಕೌಂಟರಿನ ಮೇಲೆ ಎರಡು ಸ್ಟ್ರಿಪ್ಪು ಇಟ್ಟರೆ ಸಾಕು, ಬೆನ್ನ ಹಿಂದೆ ಅತ್ತೆ ಗಂಟಲು ಸರಿಮಾಡಿಕೊಂಡ ಸದ್ದು. ತಿರುಗಿದರೆ ಸಿರಪ್ಪಿನ ಬಾಟಲಿಗಳು. ಇದ್ದಾಗ ಕಾಡಿದ್ದು ಸಾಲದೇ ಎಂದು ಅವಳು ಬಾಟಲಿಗಳ ಮೇಲೆ ರೇಗಿದ್ದೂ ಉಂಟು.

ನಾದಿನಿ ಕಾಲೇಜಿನಲ್ಲಿ ಗಣಿತ ಕಲಿಸುತ್ತಿದ್ದಳು. ಒಂದು ಭಾನುವಾರ ತವರಿಗೆ ಬಂದವಳು ಅಡುಗೆಮನೆಯಲ್ಲಿ ಕೂತು ತನ್ನ ಹೊಸ ಹುಚ್ಚಿನ ಬಗ್ಗೆ ಹೇಳತೊಡಗಿದಳು. ಹೈಪರ್‌ಗ್ರಾಫ್ ಅಂತೆ.

"ಮಾಮೂಲಿ ಗ್ರಾಫಲ್ಲಿ ಒಂದು ಗೆರೆ ಎರಡು ಚುಕ್ಕಿಗಳನ್ನ ಮಾತ್ರ ಸೇರಿಸುತ್ತೆ ಅತ್ತಿಗೆ. ಇದರಲ್ಲಿ ಹಾಗಲ್ಲ." ಮನೆಯ ಔಷಧದ ಡಬ್ಬಿಯಿಂದ ಮೂರು ಸ್ಟ್ರಿಪ್ಪು ತೆಗೆದು ಒಟ್ಟಿಗೆ ರಬ್ಬರ್ ಬ್ಯಾಂಡು ಹಾಕಿದಳು. "ಒಂದೇ ಕಟ್ಟಲ್ಲಿ ಮೂರು, ನಾಲ್ಕು, ಎಷ್ಟಾದರೂ ಸರಿ. ಔಷಧಗಳ ಅಡ್ಡಪರಿಣಾಮ ಹುಡುಕೋಕೂ ಇದನ್ನ ಬಳಸ್ತಾರೆ. ಎರಡೆರಡೇ ನೋಡಿದ್ರೆ ಏನೂ ಕಾಣಲ್ಲ, ಮೂರೂ ಸೇರಿದಾಗಲೇ..."

ಮಾತು ಅಲ್ಲೇ ನಿಂತಿತು. ಕೈಯಲ್ಲಿದ್ದ ಕಟ್ಟನ್ನು ನೋಡುತ್ತಾ ಅವಳು ಬಿಳಿಚಿಕೊಂಡಳು.

"ಅಮ್ಮನಿಗೆ ಮೂರನೇದು ತಂದುಕೊಟ್ಟಿದ್ದು ನಾನು," ಎಂದಳು.

ಜೋಡಿ ಅಕ್ಕ ಸುಮ್ಮನಿರಬಹುದಿತ್ತು. ಅತ್ತೆ ತನ್ನನ್ನು ಕೇಳಿದ್ದು ಯಾರಿಗೂ ಗೊತ್ತಿಲ್ಲ. ತಪ್ಪು ತಾನಾಗಿಯೇ ಹೋಗಿ ನಾದಿನಿಯ ತಲೆಯ ಮೇಲೆ ಕೂತಿದೆ. ಬಾಯಿಬಿಟ್ಟರೆ ಈ ಮನೆಯಲ್ಲಿ ತನಗಿರುವ ಒಬ್ಬಳೇ ಗೆಳತಿಯೂ ದೂರವಾಗುತ್ತಾಳೆ. ಬೆನ್ನ ಹಿಂದೆ ಮತ್ತೆ ಆ ಗಂಟಲಿನ ಸದ್ದು. ಈ ಸಲ ಅವಳು ತಿರುಗಿ ನೋಡಲಿಲ್ಲ.

"ನಿನ್ನೊಬ್ಬಳದ್ದಲ್ಲ," ಎಂದಳು. "ಅತ್ತೆ ನನ್ನನ್ನ ಕೇಳಿದ್ರು. ಎರಡೆರಡೇ ನೋಡಿ, ಜಗಳ ಇಲ್ಲ ಅಂದುಬಿಟ್ಟೆ."

ನಾದಿನಿ ರಬ್ಬರ್ ಬ್ಯಾಂಡು ಬಿಚ್ಚಲಿಲ್ಲ. ಕಟ್ಟನ್ನು ಹಾಗೇ ಅತ್ತಿಗೆಯ ಮುಂದಿಟ್ಟು ಹೇಳಿದಳು:

"ಗೊತ್ತು ಅತ್ತಿಗೆ. ಅಮ್ಮ ಅವತ್ತೇ ಫೋನ್ ಮಾಡಿದ್ಲು. 'ನೀನು ಕೊಟ್ಟಿದ್ದನ್ನ ನುಂಗೋಕೆ ಭಯ ಆಗ್ತಿತ್ತು, ಈಗ ನನ್ನ ಸೊಸೆ ನೋಡಿದಾಳೆ, ಇನ್ನು ಯೋಚನೆ ಇಲ್ಲ' ಅಂದ್ಲು."