ಲೀಲಾಧರನ ಬಾರಿನಲ್ಲಿ ತಾರಾನಾಥನ ದೋಸೆ

ಮುಂಬಯಿ ಬಳಿಯ ಡೊಂಬಿವಲಿ ಸ್ಟೇಷನ್ನಿನ ಹತ್ತಿರ ತಾರಾನಾಥನಿಗೊಂದು ಸಸ್ಯಾಹಾರಿ ಹೋಟೆಲು. ಹೋಟೆಲಿನಷ್ಟೇ ಹಳೆಯದಾದ ಹೊಟ್ಟೆಕಿಚ್ಚೂ ಒಂದಿತ್ತು. ಎದುರುಗಡೆಯ ಪರ್ಮಿಟ್ ರೂಮಿನ, ಅಂದರೆ ಬಾರಿನ, ಮಾಲಿಕ ಲೀಲಾಧರ ಅವನದೇ ಊರಿನವನು. ಒಂದು ಕಾಲದಲ್ಲಿ ಇಬ್ಬರೂ ಒಂದೇ ತೊಟ್ಟಿಯಲ್ಲಿ ಲೋಟ ತೊಳೆದವರು. ಈಗ ಲೀಲಾಧರನ ಗಲ್ಲಾದ ಮೇಲೆ ಫ್ಯಾನು; ತಾರಾನಾಥನ ತಲೆಯ ಮೇಲೆ ನೊಣ.

ಅದನ್ನಾದರೂ ಸಹಿಸಬಹುದಿತ್ತು. ಆದರೆ ಅವನ ದೋಸೆ ಭಟ್ಟ ರಘುಪತಿಯೇ ಟಿಪ್ಸಿನ ಆಸೆಗೆ ಕಾವಲಿ ಬಿಟ್ಟು ಬಾರಿನ ವೇಟರ್ ಆಗಿಬಿಟ್ಟ! ಅಂದಿನಿಂದ ತಾರಾನಾಥನ ದೋಸೆಗಳ ಅಂಚು ಸುಟ್ಟು ನಡು ಹಸಿಯಾಗಿಯೇ ಉಳಿಯುತ್ತಿತ್ತು, ಹೆಚ್ಚುಕಡಿಮೆ ಯಜಮಾನನ ಮನಸ್ಸಿನ ಹಾಗೆ. ರಘುಪತಿ ಮರಳಿ ಬರಬೇಕು, ಅಷ್ಟೇ ಅವನ ಹಾರೈಕೆ.

ಎಂಬತ್ತರ ದಶಕದ ಒಂದು ಬಜೆಟ್ಟಿನಲ್ಲಿ ಮದ್ಯದ ಮೇಲಿನ ಸುಂಕ ಏರಿತು. ಪೇಪರ್ ಓದಿದ ತಾರಾನಾಥ ಅಂದು ಗಿರಾಕಿಗಳಿಗೆಲ್ಲ ಪುಕ್ಕಟೆ ಶೀರಾ ಹಂಚಿದ. ಲೀಲಾಧರನೂ ರಸ್ತೆ ದಾಟಿ ಬಂದು ತಿಂದ.

“ಎಂತ ವಿಶೇಷ ಮಾರಾಯ?”

“ಏನಿಲ್ಲ, ಹೀಗೇ ಒಂದು ಖುಷಿ.”

“ತುಪ್ಪ ಕಡಿಮೆ ಆಯ್ತು,” ಎಂದು ಲೀಲಾಧರ ಇನ್ನೊಂದು ಪ್ಲೇಟು ಕೇಳಿದ.

ಪೆಗ್ಗಿನ ರೇಟು ಏರಿದ್ದೇ ತಡ, ಫ್ಯಾಕ್ಟರಿ ಪಾಳಿ ಮುಗಿಸಿ ಬರುವವರು ಬಾರಿನ ಮುಂದೆ ನಿಂತು, ಜೇಬು ಮುಟ್ಟಿಕೊಂಡು, ಮನೆಯ ದಾರಿ ಹಿಡಿದರು. ವೇಟರುಗಳು ಬಾಗಿಲಲ್ಲಿ ನಿಂತು ಆಕಳಿಸಿದರು. ಇನ್ನೇನು ರಘುಪತಿ ಬಂದ ಎಂದು ತಾರಾನಾಥ ಕಾವಲಿಯನ್ನು ತಾನೇ ತಿಕ್ಕಿಟ್ಟ.

ರಘುಪತಿ ಬರಲಿಲ್ಲ. ಬಂದದ್ದು ಎದುರುಗಡೆ ಹೊಸ ಬೋರ್ಡು: ‘ಬೆಳಿಗ್ಗೆ ಬಿಸಿ ಬಿಸಿ ದೋಸೆ’. ಒಂದೇ ವಾರದಲ್ಲಿ ತಾರಾನಾಥನ ಗಿರಾಕಿಗಳೂ ಅತ್ತ ಹೊರಟರು. ಬಾರಿನ ಮೆಟ್ಟಿಲು ಹತ್ತುವುದಿಲ್ಲವೆಂದು ಆಣೆ ಹಾಕಿದ್ದ ತಾರಾನಾಥ ಪೇಪರಿನಲ್ಲಿ ಮುಖ ಮುಚ್ಚಿಕೊಂಡು ಹತ್ತಿದ. ದೋಸೆ ಬಂತು. ಅದೇ ಕೈ, ಅದೇ ಗರಿಗರಿ. ಹಾಳಾದ್ದು, ರುಚಿಯೂ ಅದೇ!

“ತಾರಾನಾಥಣ್ಣ, ಚಟ್ನಿ ಹಾಕ್ಲಾ?”

ಪೇಪರು ಕೆಳಗಿಳಿಯಿತು. “ರಘುಪತಿ, ಟಿಪ್ಸಂತೂ ಹೋಯ್ತಲ್ಲ. ವಾಪಸ್ ಬಾ ಮಾರಾಯ.”

“ಟಿಪ್ಸ್ ಹೋಯ್ತು ಅಣ್ಣ, ಸಂಬಳ ಹೋಗ್ಲಿಲ್ಲ. ಸಾಯಂಕಾಲ ಕೆಲಸ ಇಲ್ಲದಿದ್ರೆ ಬೆಳಿಗ್ಗೆ ಮಾಡುವ, ಯಾರನ್ನೂ ಬಿಡಿಸೂದಿಲ್ಲ ಅಂದ್ರು ಧಣಿ. ನೀವು ಮಳೆಗಾಲದಲ್ಲಿ ಗಿರಾಕಿ ಇಲ್ಲ ಅಂತ ನಮ್ಮ ಸಂಬಳಕ್ಕೆ ಕತ್ತರಿ ಹಾಕಿದ್ರಿ. ನೆನಪುಂಟಾ?”

ನೆನಪಿತ್ತು. ಪೇಪರು ಮತ್ತೆ ಮೇಲೇರಿತು.

ಗಲ್ಲಾದಿಂದ ಲೀಲಾಧರ ಕೂಗಿದ: “ಅವನ ಹತ್ರ ದುಡ್ಡು ತಗೊಳ್ಬೇಡ ರಘುಪತಿ. ಶೀರಾದ ಋಣ ಉಂಟು!”

ತಾರಾನಾಥ ಕೈ ತೊಳೆದು ತನ್ನ ಹೋಟೆಲಿಗೆ ಬಂದು, ನೊಣ ಓಡಿಸುತ್ತ ಕುಳಿತ. ಸರ್ಕಾರ ಬರುವ ವರ್ಷ ದೋಸೆಯ ಮೇಲೂ ಸುಂಕ ಹಾಕಲಿ ದೇವರೇ ಎಂದು ಮನಸಾರೆ ಬೇಡಿಕೊಂಡ. ತಾನು ಮಾರುವುದೂ ದೋಸೆಯನ್ನೇ ಎಂಬುದು ಅವನಿಗೆ ಹೊಳೆದದ್ದು ಸ್ವಲ್ಪ ಹೊತ್ತಿನ ಮೇಲೆ.