ಆಡಕಿಯ ಹೊಲದಲ್ಲಿ ಹೂಳದ ಕಾಲು

ವೈನಿ, ಅಣ್ಣನ ಜೊತೆ ಕುಣಿಯಲ್ಲಿ ಇಟ್ಟದ್ದು ಅವನ ಕಾಲಲ್ಲ. ಅದು ಕಲ್ಲು — ಶಹಾಬಾದಿನ ಒಂದು ಫರ್ಸಿ ತುಂಡು. ಅದನ್ನು ಚೀಲದಲ್ಲಿ ಸುತ್ತಿ, ಕಾಲು ಅಂತ ಹೇಳಿ, ನಮ್ಮೂರು ಆಡಕಿಯ ಹೊಲದಲ್ಲಿ ಹೂಳಿದವನು ನಾನು. ಮೈದುನ ಅಂತ ನಂಬಿ, ಬಿಸಿರೊಟ್ಟಿ ಬಡಿದು ಹಾಕಿ, ಇಷ್ಟು ವರ್ಷ ಮನೆಯೊಳಗೆ ಕರೆದುಕೊಂಡಿರಲ್ಲ — ಆ ನಾನೇ.

ಎದುರಿಗೆ ಕೂತು ಹೇಳಲು ಬಾಯಿ ಬರಲಿಲ್ಲ. ಸುಳ್ಳು ಹೇಳುವಾಗ ಮಾತ್ರ ಎಷ್ಟು ಸಲೀಸಾಗಿ ಬಂತು ನೋಡಿರಿ, ಈ ಹಾಳು ಬಾಯಿ! ಅದಕ್ಕೇ ವಾಡಿಯ ಫ್ಯಾಕ್ಟರಿ ಕ್ವಾರ್ಟರ್ಸಿನಲ್ಲಿ ಕೂತು ಬರೆಯುತ್ತಿದ್ದೇನೆ.

ಸಣ್ಣವರಿದ್ದಾಗ ಅಣ್ಣನೂ ನಾನೂ ಒಂದೇ ಕೌದಿಯಲ್ಲಿ ಮಲಗುತ್ತಿದ್ದೆವು. ಚಳಿಗೆ ಅವನ ಕಾಲು ಐಸಿನ ಹಾಗೆ ಆಗುತ್ತಿತ್ತು. ಮೆಲ್ಲಗೆ ತಂದು ನನ್ನ ಕಾಲಿಗೆ ಹಚ್ಚುತ್ತಿದ್ದ. “ನಿನ್ನ ಕಾಲು ಒಲಿ ಇದ್ದಂಗ ಅದ ಲೇ” ಅನ್ನುತ್ತಿದ್ದ. ನಾನು ಚೀರಿ ಎಳೆದುಕೊಳ್ಳುತ್ತಿದ್ದೆ.

ಆಮೇಲಿನದು ನಿಮಗೆ ಗೊತ್ತಿದ್ದದ್ದೇ. ಅಣ್ಣನಿಗೆ ಶಹಾಬಾದಿನ ಗಣಿಯಲ್ಲಿ ಕಲ್ಲು ಸೀಳುವ ಕೆಲಸ. ಕೈಯಲ್ಲಿ ಉಳಿ, ಬಾಯಲ್ಲಿ ಬೀಡಿ. ಮೊದಲು ನಡೆದಾಗ ಮೀನಖಂಡ ಹಿಡಿಯಿತು, ಆಮೇಲೆ ಕೂತಲ್ಲೇ ನೋವು, ಆಮೇಲೆ ಬಲಗಾಲಿನ ಕಿರಿಬೆರಳು ಕಪ್ಪಾಯಿತು. ಬೀಡಿಯಿಂದ ಕಾಲಿನ ರಕ್ತನಾಳ ಮುಚ್ಚಿಹೋಗಿವೆ, ಆಪರೇಶನ್ ಮಾಡಿ ತೆರೆಯುವ ಹಾಗೂ ಇಲ್ಲ ಎಂದರು ಕಲಬುರಗಿಯ ಡಾಕ್ಟರ್ ಮೇಡಂ. ಹೊಸ ಔಷಧ ಒಂದಿತ್ತು — ಇನ್ನೂ ಪರೀಕ್ಷೆಯಲ್ಲಿದ್ದದ್ದು. ಮೀನಖಂಡದ ತುಂಬ ಚುಚ್ಚಬೇಕು. ಒಳಗೆ ಹೊಸ ನಾಳ ಚಿಗುರಿ ರಕ್ತ ಹರಿದೀತು, ಹರಿಯದೆಯೂ ಇದ್ದೀತು, ಖಾತ್ರಿ ಕೊಡಲಾರೆ ಎಂದು ಬಿಡಿಸಿ ಹೇಳಿದರು. ಅಣ್ಣ ನಕ್ಕುಬಿಟ್ಟ. “ಕಲ್ಲಿನಾಗ ನೀರಿನ ಸೆಲಿ ಒಡೆಯೋದು ಕಂಡೀನ್ರಿ ನಾ. ಕಾಲಿನಾಗ ಯಾಕ ಒಡೆಯೋದಿಲ್ಲ? ಹಾಕ್ರಿ.” ಅವತ್ತೇ ಬೀಡಿ ಬಿಟ್ಟ. ನಾನು ಬಿಡಲಿಲ್ಲ.

ಔಷಧ ಹಾಕಿದ ಮೇಲೆ ಹಿಮ್ಮಡಿ ತುಸು ಬೆಚ್ಚಗಾಗಿತ್ತು; ನೀವೇ ಮುಟ್ಟಿ ನೋಡಿ ಕಣ್ಣೊರೆಸಿಕೊಂಡಿರಿ. ಆದರೆ ಬೆರಳಿನ ಕೊಳೆ ಮೇಲಕ್ಕೆ ಏರಿತು, ಜ್ವರ ಬಂತು. ಮೊಣಕಾಲಿನ ಕೆಳಗೆ ತೆಗೆಯದಿದ್ದರೆ ಜೀವ ಉಳಿಯದು ಎಂದರು. ಒಳಗೆ ಒಯ್ಯುವ ಮುಂಚೆ ಅಣ್ಣ ನನ್ನ ಕೈ ಹಿಡಿದ.

“ಕಾಲು ಎಲ್ಲೆರ ಒಗದುಬಿಟ್ಟಾರು, ಶರಣ್ಯಾ. ಆಡಕಿಗೆ ಒಯ್ಯಿ. ಅಪ್ಪನ ಮಗ್ಗಲಾಗ ಹೂಳು. ನಾ ಹೋದ ದಿವಸ ತಗದು ನನ್ನ ಜೋಡಿ ಇಡ್ರಿ. ಕೈಯಾಗ ಲಿಂಗ ಹಿಡ್ಕೊಂಡು ಕುಂದ್ರೋದದ — ಅರ್ಧಾ ಹ್ಯಾಂಗ ಕುಂದ್ರಲಿ?”

ನಮ್ಮವರನ್ನು ಕೂಡಿಸಿಯೇ ಮಣ್ಣು ಕೊಡುವುದಲ್ಲವೇ, ವೈನಿ. ಜೀವ ಹೋಗುವ ಹೊತ್ತಿನಲ್ಲೂ ಅವನಿಗೆ ಅದೊಂದೇ ಚಿಂತೆ. ಹೂಂ ಅಂದೆ.

ಆಪರೇಶನ್ ಮುಗಿಯಿತು. ಮೇಡಂ ನನ್ನನ್ನು ಕರೆದರು. ಔಷಧದಿಂದ ಒಳಗೆ ಹೊಸ ನಾಳ ಬಂದಿವೆಯೋ ಇಲ್ಲವೋ ನೋಡಬೇಕಾದರೆ ಆ ಕಾಲು ತಮ್ಮ ಹತ್ತಿರ ಇರಬೇಕು ಎಂದರು. “ಆದ್ರ ನಿಮ್ಮಣ್ಣ ಒಪ್ಪಿದ್ರ ಅಷ್ಟೇ. ಎಚ್ಚರ ಇದ್ದಾರ, ಹೋಗಿ ಕೇಳಿ ಬರ್ರಿ.”

ವಾರ್ಡಿನ ಬಾಗಿಲ ತನಕ ಹೋದೆ. ಒಳಗೆ ಹೋಗಲಿಲ್ಲ. ಯಾಕೆ ಅಂದರೆ — ಇದನ್ನು ಯಾರಿಗೂ ಹೇಳಿಲ್ಲ — ಅಷ್ಟೊತ್ತಿಗೆ ನನ್ನ ಎಡಗಾಲೂ ಹಿಡಿಯತೊಡಗಿತ್ತು. ಕ್ವಾರ್ಟರ್ಸಿನಿಂದ ಫ್ಯಾಕ್ಟರಿ ಗೇಟಿಗೆ ಹೋಗುವಾಗ ನಡುವೆ ನಿಲ್ಲುತ್ತಿದ್ದೆ, ಚಪ್ಪಲಿ ಸರಿಮಾಡಿಕೊಳ್ಳುವವನ ಹಾಗೆ. ಅಣ್ಣನ ಕಾಲು ಕೊಯ್ದು ನೋಡಿದರೆ ಆ ಔಷಧ ನನ್ನ ಕಾಲಿಗೆ ಹತ್ತುವುದೋ ಇಲ್ಲವೋ ಗೊತ್ತಾಗುತ್ತದೆ... ಅಂಜಿಕೆ, ವೈನಿ. ಬರೀ ಅಂಜಿಕೆ. ಮೇಡಂ ನನಗೆ ಯಾವ ಆಸೆಯನ್ನೂ ತೋರಿಸಿರಲಿಲ್ಲ. ನನ್ನ ಕಾಲಿನ ಸುದ್ದಿಯೇ ಅವರಿಗೆ ಗೊತ್ತಿರಲಿಲ್ಲ. ತಿರುಗಿ ಬಂದು ಹೇಳಿದೆ:

“ಕೇಳೀನ್ರಿ. ಹೂಂ ಅಂದಾನ.”

ಅವನ ಕೈ ನಡುಗುತ್ತದೆ ಅಂತ ಹೇಳಿ ಒಪ್ಪಿಗೆಯ ಕಾಗದಕ್ಕೆ ಸಹಿಯನ್ನೂ ನಾನೇ ಮಾಡಿದೆ.

ಊರಿಗೆ ಬರುವಾಗ ಶಹಾಬಾದಿನಲ್ಲಿ ಇಳಿದು, ಗಣಿಯ ಹೊರಗೆ ಬಿದ್ದ ಉದ್ದನೆಯ ತುಂಡೊಂದನ್ನು ಆರಿಸಿದೆ. ಎತ್ತಿ ಎತ್ತಿ ನೋಡಿದೆ — ಒಂದು ಕಾಲಿನಷ್ಟು ಭಾರ ಇರಬೇಕಲ್ಲ. ಅಣ್ಣನ ಹಳೆ ಧೋತರದಲ್ಲಿ ಸುತ್ತಿ, ಮೇಲೆ ಗೊಬ್ಬರದ ಚೀಲ ಹಾಕಿ ಹೊಲಿದೆ. ನೀವು ಅದಕ್ಕೆ ವಿಭೂತಿ ಹಚ್ಚಿದಿರಿ, ಪತ್ರಿ ಇಟ್ಟಿರಿ. ನಾನು ಗುಂಡಿ ಮುಚ್ಚಿದೆ.

ಅಣ್ಣ ಮನೆಗೆ ಬಂದ ಮೇಲೆ ಅದು ಶುರುವಾಯಿತು.

“ಶರಣ್ಯಾ, ಕಾಲು ನೀರಾಗ ಅದ.”

ಕಡಿದ ಕಾಲು ಇನ್ನೂ ಇದ್ದಂತೆ ಅನ್ನಿಸುವುದುಂಟು ಎಂದು ಮೇಡಂ ಮೊದಲೇ ಹೇಳಿದ್ದರು. ನೀವು ಕೇಳಲಿಲ್ಲ, ಹೊಲದ ನೀರು ಇಳಿದಿದೆ ಅಂತ ಗುಂಡಿಯ ಸುತ್ತ ಕಾಲುವೆ ತೋಡಿಸಿದಿರಿ. ಆ ಕಲ್ಲಿನ ಸುತ್ತ! ಅಣ್ಣ ತಲೆ ಅಲ್ಲಾಡಿಸಿದ. “ಇದು ಹೊಲದ ನೀರಲ್ಲ. ಮೂಗಿಗಿ ಹೊಡೀತದ. ಹಿಮ್ಮಡ ಏನಕ್ಕೋ ತಾಗಲಿಕತ್ತದ... ನುಣ್ಣಗ, ಗಾಜು ಇದ್ದಂಗ.”

ಆ ವಾರವೇ ನನ್ನ ಕಾಲು ತೋರಿಸಲು ಕಲಬುರಗಿಗೆ, ಮೇಡಂ ಹತ್ತಿರ ಹೋದೆ. ಒಳಗಿನ ಕೋಣೆಯ ಬಾಗಿಲು ತೆರೆದಿತ್ತು. ಕಪಾಟಿನ ಮೇಲೆ ದೊಡ್ಡ ಗಾಜಿನ ಭರಣಿ, ಅದರೊಳಗೆ ಔಷಧದ ನೀರು, ನೀರಿನಲ್ಲಿ ಅಣ್ಣನ ಕಾಲು. ಹಿಮ್ಮಡಿಯಲ್ಲಿ ಉಳಿ ಬಿದ್ದ ಹಳೆ ಗಾಯದ ಗೆರೆ ಇತ್ತಲ್ಲ — ಅದು ಗಾಜಿಗೆ ಒತ್ತಿಕೊಂಡಿತ್ತು. ವಾಸನೆ ಮೂಗಿಗೆ ಹೊಡೆಯಿತು. ನಾನು ಹೊರಗೆ ಬಂದು ಮೆಟ್ಟಿಲ ಮೇಲೆ ಕೂತುಬಿಟ್ಟೆ.

ಇನ್ನೊಂದು ಸಲ, ನೀವು ಪಲ್ಯ ಬಡಿಸುತ್ತಿದ್ದಿರಿ, ಅಣ್ಣ ತುತ್ತು ಕೈಯಲ್ಲೇ ಹಿಡಿದು ಹೇಳಿದ: “ಯಾರೋ ಕೊಯ್ಯಲಿಕತ್ತಾರ. ನೋವಿಲ್ಲ. ಬರೇ ತೆಳ್ಳಗ — ಉಳ್ಳಾಗಡ್ಡಿ ಹೆಚ್ಚಿದಂಗ.” ಮುಂದೆ ಮೇಡಂ ಸೂಕ್ಷ್ಮದರ್ಶಕದಲ್ಲಿ ನನಗೆ ತೋರಿಸಿದ್ದು ಅಂಥದೇ ಒಂದು ತೆಳ್ಳನೆಯ ಚೂರು. ಅದರಲ್ಲಿ ಕೂದಲಿನಂಥ ಕೆಂಪು ಗೆರೆಗಳು. ಹೊಸ ನಾಳಗಳು ಇರಬಹುದು, ಬಂದದ್ದು ತಡವಾಯಿತು ಎಂದರು. ನಿಮ್ಮಣ್ಣಗ ನನ್ನ ನಮಸ್ಕಾರ ಹೇಳ್ರಿ ಎಂದರು. ಹೇಳಲಿಲ್ಲ.

ಮುಂದೆ ನನಗೂ ಆ ಔಷಧ ಹಾಕಿದರು. ಬೀಡಿ ಬಿಟ್ಟೆ. ಔಷಧವೋ, ಬೀಡಿ ಬಿಟ್ಟದ್ದೋ — ನನ್ನ ಕಾಲು ಬೆಚ್ಚಗಾಯಿತು. ಈಗ ಗೇಟಿನ ತನಕ ಎಲ್ಲೂ ನಿಲ್ಲುವುದಿಲ್ಲ.

ಹೋದ ತಿಂಗಳು ಅಣ್ಣ ತೀರಿಕೊಂಡ. ಗಂಟನ್ನು ಅಗೆದು ತೆಗೆದಾಗ ಅಯ್ಯನವರು “ಬಿಚ್ಚಬ್ಯಾಡ್ರಿ, ಹಂಗೇ ಇಡ್ರಿ” ಎಂದರು. ನೀವು ಅದನ್ನು ತೊಡೆಯ ಮೇಲೆ ಇಟ್ಟುಕೊಂಡಿರಿ. ಆಮೇಲೆ ನನ್ನ ಮುಖ ನೋಡಿದಿರಿ.

“ಇಷ್ಟು ವರ್ಷ ಆತು, ಶರಣಪ್ಪಾ. ಮಣ್ಣಾಗ ಇದ್ದದ್ದು ಹಗುರಾಗಬೇಕಿತ್ತಲ್ಲ? ಭಾರ ಒಂಚೂರೂ ಇಳದಿಲ್ಲ.”

“ಹಸಿ ಹಿಡದದ, ವೈನಿ” ಅಂದೆ. ಕುಣಿಯೊಳಗೆ ನಾನೇ ಇಳಿದು, ಅವನ ಮೊಂಡು ಮೊಣಕಾಲಿನ ಕೆಳಗೆ ಆ ಗಂಟು ಸೇರಿಸಿದೆ. ಹುಟ್ಟಿದಾಗಿನಿಂದ ಕಲ್ಲಿನ ಜೊತೆ ಗುದ್ದಾಡಿದವನಿಗೆ ಕೊನೆಗೂ ಕಲ್ಲೇ ಕೊಟ್ಟೆ.

ಅವತ್ತಿನಿಂದ, ವೈನಿ — ನಗಬ್ಯಾಡ್ರಿ — ನನ್ನ ಹಾಸಿಗೆಯಲ್ಲಿ ಇನ್ನೊಂದು ಕಾಲು ಇದೆ. ರಾತ್ರಿ ಪಾಳಿ ಮುಗಿಸಿ ಹಗಲು ಮಲಗುತ್ತೇನೆ. ಮನೆಯಲ್ಲಿ ಯಾರೂ ಇರುವುದಿಲ್ಲ, ಕಿಟಕಿಯಲ್ಲಿ ಬಿಸಿಲು ಇರುತ್ತದೆ. ಕೌದಿಯೊಳಗೆ ಒದ್ದೆಯಾದ, ತಣ್ಣನೆಯ ಒಂದು ಕಾಲು ಮೆಲ್ಲಗೆ ಬಂದು ನನ್ನ ಎಡಗಾಲಿಗೆ ಹತ್ತುತ್ತದೆ. ಹಿಮ್ಮಡಿಯ ಗೆರೆ ನನ್ನ ಚರ್ಮಕ್ಕೆ ತಿಳಿಯುತ್ತದೆ. ಕೌದಿ ಎತ್ತಿದರೆ ಏನೂ ಇಲ್ಲ. ಆದರೆ ಆ ವಾಸನೆ ಇರುತ್ತದೆ.

ನಿನ್ನೆ ಹೋಗಿ ಮೇಡಂಗೆ ಎಲ್ಲ ಹೇಳಿದೆ. ಅಣ್ಣನನ್ನು ನಾನು ಕೇಳಿಯೇ ಇರಲಿಲ್ಲ ಎಂದು ಹೇಳಿದೆ. ಅವರು ಎದ್ದು ಹೋಗಿ ನಾನು ಸಹಿ ಮಾಡಿದ ಆ ಕಾಗದ ತೆಗೆದು ನೋಡಿದರು. ಆಮೇಲೆ, ಉಳಿದದ್ದು ಭರಣಿಯಲ್ಲಿದೆ, ಅವರ ಹೆಂಡತಿ ಬಂದು ಕೇಳಿದರೆ ಕೊಡುತ್ತೇವೆ ಎಂದರು. ಕೇಳುವ ಹಕ್ಕು ನಿಮ್ಮದು. ಭಾನುವಾರ ಆಡಕಿಗೆ ಬರುತ್ತೇನೆ, ಊರ ಮುಂದೆ ಇದನ್ನೇ ಹೇಳುತ್ತೇನೆ. ಕುಣಿ ತೆಗೆಸುತ್ತೀರೋ, ಪಕ್ಕದಲ್ಲಿ ಹೂಳುತ್ತೀರೋ, ನನ್ನನ್ನು ಹೊಸ್ತಿಲ ಆಚೆಗೇ ನಿಲ್ಲಿಸುತ್ತೀರೋ — ನೀವು ಹೇಳಿದ ಹಾಗೆ.

ಇವತ್ತು ಮಧ್ಯಾಹ್ನ ಮತ್ತೆ ಬಂದಿತ್ತು ಆ ಕಾಲು. ಈ ಸಲ ನಾನು ಎಳೆದುಕೊಳ್ಳಲಿಲ್ಲ. ಬೆಚ್ಚಗಾಗಲಿ ಅಂತ ಹಾಗೇ ಹಚ್ಚಿಕೊಂಡು ಮಲಗಿದ್ದೆ. ಬಿಸಿಲು ಇಳಿಯುವ ತನಕ ಮಲಗಿದ್ದೆ, ವೈನಿ. ಅದು ಬೆಚ್ಚಗಾಗಲಿಲ್ಲ.