ದಾರ ಕಟ್ಟದ ಬಾಟಲಿ

ಬೆಳಕು ಹರಿಯುವ ಮುಂಚೆಯೇ ಕಷಾಯದಕ್ಕನ ಅಡುಗೆಮನೆಯ ಕಿಟಕಿ ತೆರೆದುಕೊಳ್ಳುತ್ತದೆ. ಒಲೆಯ ಮೇಲೆ ಸೀಬೆ ಎಲೆ, ಲವಂಗ, ಉಪ್ಪು ಕುದಿಯುತ್ತಿವೆ. ಕಿಟಕಿಯಾಚೆ ಬಸ್ ಡ್ರೈವರ್ ಒಬ್ಬರು ಕೆನ್ನೆ ಹಿಡಿದು ನಿಂತಿದ್ದಾರೆ. "ಬಾಯಿ ತೆಗೀರಿ. ಇನ್ನೂ ದೊಡ್ಡದಾಗಿ. ಜಗಳ ಆಡೋವಾಗ ತೆಗೀತೀರಲ್ಲ, ಹಾಗೆ!" ಟಾರ್ಚ್ ಬೆಳಕು ಬಿಟ್ಟು ಒಸಡು ನೋಡಿದ ಮೇಲೆಯೇ ಬಾಟಲಿ ಕೈಗೆ ಬರುವುದು.

ದಿನಕ್ಕೆ ಮೂವತ್ತು ಬಾಟಲಿ. ಒಸಡು ಊದಿದವರು, ಹಲ್ಲುಜ್ಜುವಾಗ ರಕ್ತ ಬರುವವರು, ಅಂಗಡಿಯ ಮೌತ್‌ವಾಶ್‌ನ ಉರಿ ತಾಳಲಾರದವರು ಬಾಯಿ ಮುಕ್ಕಳಿಸಲು ಒಯ್ಯುತ್ತಾರೆ. ತುಂಬಿಸಿದಾಗಲೆಲ್ಲ ಬಾಟಲಿಯ ಕುತ್ತಿಗೆಗೆ ಒಂದು ಕೆಂಪು ದಾರ. ಎರಡು ದಾರ ಆಯಿತೋ, ಎಷ್ಟೇ ಗೋಗರೆದರೂ ಮೂರನೇ ಸಲ ಇಲ್ಲ, ಸೀದಾ ಆಸ್ಪತ್ರೆಗೆ. "ಇದು ಊತ ಇಳಿಸತ್ತೆ, ಅಷ್ಟೇ. ಹಲ್ಲಿನ ಪಾಚಿ ಡಾಕ್ಟರೇ ಕೆರೆದು ತೆಗೀಬೇಕು." ಹಲ್ಲಿನ ಆಸ್ಪತ್ರೆಯಲ್ಲಿ ಇಪ್ಪತ್ತು ವರ್ಷ ಆಯಾ ಆಗಿದ್ದವರ ಮಾತಿದು.

ದಾರ ಶುರುವಾದದ್ದು ತಂಗಿಯಿಂದ. ಅವಳಿಗೆ ಇವರೇ ಆರು ತಿಂಗಳು ಇದೇ ಕಷಾಯ ಕೊಟ್ಟರು. ಅದು ಬರೀ ಒಸಡಿನ ಊತವಲ್ಲ, ಕ್ಯಾನ್ಸರ್ ಎಂದು ಗೊತ್ತಾಗುವಷ್ಟರಲ್ಲಿ ಕೈಮೀರಿತ್ತು. ತಂಗಿ ಉಳಿಯಲಿಲ್ಲ. "ಉರಿ ಕಮ್ಮಿ ಆಯ್ತಕ್ಕಾ ಅಂತಿದ್ಲು. ನಾನು ಹಿಗ್ಗಿ ಹೋಗ್ತಿದ್ದೆ," ಎನ್ನುತ್ತಾ ಒರೆಸಿದ ಟಾರ್ಚನ್ನೇ ಮತ್ತೆ ಒರೆಸುತ್ತಾರೆ. ಅಂದಿನಿಂದ ಯಾರು ಬಾಯಿ ತೆರೆದರೂ ಇದೂ ಅದೇ ಇರಬಹುದೇ ಎಂದು ಅವರಿಗೆ ದಿಗಿಲು. ಪೇಪರಿಗೆ ಬರೆಯಲೆಂದು ಬಂದು ಪಕ್ಕದಲ್ಲಿ ಕೂತ ನನಗೂ ಆ ದಿಗಿಲು ಅಂಟಿಕೊಳ್ಳುತ್ತದೆ.

ಹೊರಡಲು ಏಳುವಾಗ ಎಣ್ಣೆ ಡಬ್ಬಗಳ ಮರೆಯಲ್ಲಿ ಅರ್ಧ ಖಾಲಿಯಾದ ಬಾಟಲಿಯೊಂದು ಕಣ್ಣಿಗೆ ಬೀಳುತ್ತದೆ. ಅದಕ್ಕೆ ಒಂದೂ ದಾರವಿಲ್ಲ.

"ಇದು ಯಾರದಕ್ಕಾ?"

ಅವರು ಡಬ್ಬವೊಂದನ್ನು ಅದರ ಮುಂದೆ ಸರಿಸುತ್ತಾರೆ. ಸ್ವಲ್ಪ ಹೊತ್ತಿನ ಹಿಂದೆ ನನ್ನ ಜೊತೆ ಬ್ರೆಡ್ ತಿನ್ನುವಾಗ ಅವರು ಬಲಗಡೆಯಲ್ಲಷ್ಟೇ ಅಗಿಯುತ್ತಿದ್ದುದು ನನಗೆ ಈಗ ಹೊಳೆಯುತ್ತದೆ.

"ನಂದೇ. ಎಷ್ಟನೇದು ಅಂತ ಕೇಳ್ಬೇಡಿ. ದಾರ ಕಟ್ಟಿದ್ರೆ ಆಸ್ಪತ್ರೆಗೆ ಹೋಗ್ಬೇಕಲ್ಲ, ಭಯ. ಅವಳಿಗೂ ಇಲ್ಲೇ ಆಗಿದ್ದು, ಎಡಗಡೆ ಕೆಳಗೆ."

ಟಾರ್ಚ್ ಎದುರಿಗೇ ಇದೆ. ಬಾಯಿ ತೆಗೀರಿ ಎನ್ನುವ ಧೈರ್ಯ ನನಗಿಲ್ಲ.

ಅಷ್ಟರಲ್ಲಿ ಕಿಟಕಿಗೆ ಎರಡು ದಾರದ ಬಾಟಲಿ ಹಿಡಿದ ದರ್ಜಿಯೊಬ್ಬರು ಬರುತ್ತಾರೆ. "ಇದೊಂದ್ಸಲ ತುಂಬ್ಸಿಕೊಡಕ್ಕಾ. ಆಸ್ಪತ್ರೆ ಅಂದ್ರೆ ಜೀವ ಹೋಗತ್ತೆ."

ಕಷಾಯದಕ್ಕ ಆ ಎರಡು ದಾರವನ್ನು ಬೆರಳಲ್ಲಿ ಮುಟ್ಟಿ ನೋಡುತ್ತಾರೆ. ಆಮೇಲೆ ಒಲೆ ಆರಿಸಿ, ತಮ್ಮ ಬಾಟಲಿಯನ್ನು ಸಿಂಕಿಗೆ ಬಗ್ಗಿಸುತ್ತಾರೆ.

"ತಡೀರಿ, ಚಪ್ಪಲಿ ಹಾಕ್ಕೊಂಡು ಬಂದೆ. ಜೊತೆಗೇ ಹೋಗೋಣ," ಎಂದು ಅವರಿಗೆ ಹೇಳಿ, ನನ್ನತ್ತ ತಿರುಗುತ್ತಾರೆ. "ಪೇಪರಲ್ಲಿ ಕಷಾಯದ್ದು ಎಷ್ಟಾದ್ರೂ ಬರೀರಿ, ಬಿಡಿ. ಕಿಟಕಿ ಮುಚ್ಚಿ ನಾನೂ ಹೋಗಿ ಬಾಯಿ ತೆಗೆದೆ ಅಂತ ಮಾತ್ರ ಮರೀದೆ ಬರೀರಿ."